ಖರ್ಜೂರದ ಉಂಡೆ ಕೇಳಿದ ಗೆಳೆಯನಿಗೆ

ಪ್ರಿಯ ಗೆಳೆಯ,

ಶಾರ್ಜಾದಿಂದ ನೀನು ಕಳುಹಿಸಿದ ಧ್ವನಿ ಸಂದೇಶವನ್ನು ಅಡುಗೆಮನೆಯಲ್ಲಿಯೇ ನಿಂತು ಕೇಳಿದೆ. ಮಗನ ಶಾಲೆಯಿಂದ ಸುತ್ತೋಲೆ ಬಂದಿದೆ, ಬಿಸ್ಕತ್ತು, ಚಿಪ್ಸ್, ಚಾಕಲೇಟು ಡಬ್ಬಿಯಲ್ಲಿ ಕಾಣಬಾರದಂತೆ. ಬೆಳಿಗ್ಗೆ ನೀವಿಬ್ಬರೂ ಕೆಲಸಕ್ಕೆ ಓಡುವವರು, ಓವನ್ ಹಚ್ಚಿ ಕಾಯಲು ಪುರುಸೊತ್ತಿಲ್ಲ, ಹಣ್ಣಿನಿಂದ ಏನಾದರೂ ಸುಲಭದ ತಿಂಡಿ ಹೇಳು ಎಂದೆ. ಕೊನೆಯಲ್ಲಿ ಆ ನಾಲ್ಕನೆಯ ಬೆಂಚಿನ ದನಿಯಲ್ಲಿ "ಭಟ್ಟರೇ, ಇತ್ತ ಸ್ವಲ್ಪ ಬಡಿಸಿ" ಎಂದು ಬೇರೆ ಸೇರಿಸಿದ್ದೀಯೆ. ಬಡಿಸುತ್ತೇನೆ ಮಾರಾಯ. ಇದೇ ಪ್ರಶ್ನೆಯನ್ನು ಊರಿನಲ್ಲಿಯೂ ಹಲವು ಅಪ್ಪ ಅಮ್ಮಂದಿರು ಕೇಳುತ್ತಿರುತ್ತಾರೆ. ಹಾಗಾಗಿ ನಿನಗೆ ಬರೆಯುವುದನ್ನು ಎಲ್ಲರೂ ಓದುವಲ್ಲಿ ಹಾಕುತ್ತಿದ್ದೇನೆ. ಕುಂಬಳೆಯ ಕೊಡೆಯ ಪ್ರಸಂಗವನ್ನು ಮಾತ್ರ ಬರೆಯುವುದಿಲ್ಲ, ಧೈರ್ಯವಾಗಿರು.

ಇಲ್ಲಿ ಕಾಸರಗೋಡಿನ ಮುಳ್ಳೇರಿಯದ ಕಡೆ ಮಕ್ಕಳಿಗೆ ಮಧ್ಯಾಹ್ನದ ಅನ್ನಕ್ಕೆ ತೊಂದರೆಯಿಲ್ಲ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೆಯ ತರಗತಿಯವರೆಗೆ ಬಿಸಿಯೂಟ ಇದೆ. ಆದರೆ ಬೆಳಿಗ್ಗೆ ಬೇಗ ಮನೆ ಬಿಟ್ಟ ಮಗುವಿಗೆ ಹನ್ನೊಂದು ದಾಟುವಾಗ ಹೊಟ್ಟೆ ಚುರುಗುಟ್ಟುತ್ತದೆ. ನಮ್ಮ ಮಗಳ ಡಬ್ಬಿ ಆ ಹೊತ್ತಿಗಾಗಿ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಮಿತಿಮೀರಿದ ತಿನಿಸುಗಳನ್ನು ಮಾರಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲಿ ನಿಯಮ ಮಾಡಿದೆ. ಒಳ್ಳೆಯ ನಿಯಮ, ಆದರೆ ಅದೊಂದೇ ಸಾಲದು. ಡಬ್ಬಿಯಲ್ಲಿ ನಾಲಿಗೆಗೆ ಹಿಡಿಸುವಂಥದ್ದು ಇದ್ದರೆ ಮಾತ್ರ ಮಗುವಿನ ಕಣ್ಣು ಅಂಗಡಿಯ ಕಡೆ ಹೋಗುವುದಿಲ್ಲ.

ಮೊದಲು ಉಂಡೆ. ಮೃದುವಾದ ಖರ್ಜೂರ, ಬೀಜ ತೆಗೆದದ್ದು, ಒಂದು ಲೋಟ. ಹುರಿದು ಸಿಪ್ಪೆ ಹಾರಿಸಿದ ನೆಲಗಡಲೆ ಅರ್ಧ ಲೋಟ, ಹುರಿದ ಎಳ್ಳು ಕಾಲು ಲೋಟ, ಕೊಬ್ಬರಿ ತುರಿ ಕಾಲು ಲೋಟ, ಒಂದೆರಡು ಏಲಕ್ಕಿ, ಚಿಟಿಕೆ ಉಪ್ಪು. ಒಲೆಯ ಕೆಲಸ ಆ ಹುರಿಯುವುದೊಂದೇ, ಅದನ್ನೂ ಭಾನುವಾರ ಮಾಡಿಟ್ಟುಕೊಳ್ಳಬಹುದು. ನೆಲಗಡಲೆಯನ್ನು ಮೊದಲು ಮಿಕ್ಸಿಗೆ ಹಾಕಿ, ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ತರಿಯಾಗಿ ಪುಡಿ ಮಾಡು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟುಕೊಂಡು ಉಂಡೆ ಜಿಡ್ಡಾಗುತ್ತದೆ. ಆಮೇಲೆ ಖರ್ಜೂರ. ಮಿಕ್ಸಿಯ ಗೋಡೆಗೆ ಅಂಟಿದ್ದೆಲ್ಲ ಬಿಟ್ಟು ನಡುವಿನಲ್ಲಿ ಒಟ್ಟುಗೂಡಿತು ಎಂದರೆ ಹದ ಬಂದಿದೆ. ಎಳ್ಳನ್ನು ಅರೆಯಬೇಡ, ಕೈಯಲ್ಲಿ ಕಲಸು, ಹಲ್ಲಿಗೆ ಸಿಕ್ಕಬೇಕು. ಉಂಡೆ ನೆಲ್ಲಿಕಾಯಿಗಿಂತ ದೊಡ್ಡದು ಬೇಡ. ಉಪ್ಪನ್ನು ಬಿಡಬೇಡ, ಆ ಚಿಟಿಕೆ ಇಲ್ಲದಿದ್ದರೆ ಬರೀ ಸಿಹಿಯಾಗಿ ಮಕ್ಕಳಿಗೆ ಬೇಗ ಸಾಕೆನಿಸುತ್ತದೆ.

ಹಸಿ ತೆಂಗಿನಕಾಯಿ ಹಾಕಿದರೆ ರುಚಿ ಹೆಚ್ಚು, ನಿಜ. ಆದರೆ ನಮ್ಮ ಸೆಖೆಯಲ್ಲಾಗಲಿ ನಿಮ್ಮ ಸೆಖೆಯಲ್ಲಾಗಲಿ ಮುಚ್ಚಿದ ಡಬ್ಬಿಯೊಳಗೆ ಅದು ಬೇಗ ಹಳಸುತ್ತದೆ. ಶಾಲೆಗಾದರೆ ಕೊಬ್ಬರಿಯೇ ಸರಿ. ನಿನ್ನ ಮಗನ ಶಾಲೆಯಲ್ಲಿ ನೆಲಗಡಲೆ, ಗೇರುಬೀಜ ಬೇಡವೆಂದಿದ್ದಾರೆ ಎಂದೆಯಲ್ಲ, ಅಲ್ಲಿಗೆ ಕುಂಬಳಕಾಯಿ ಬೀಜ, ಸೂರ್ಯಕಾಂತಿ ಬೀಜ ಆಗುತ್ತದೆ. ಎಳ್ಳು ಕೂಡ ಕೆಲವರಿಗೆ ಅಲರ್ಜಿ ತರುತ್ತದೆ, ಕೇಳಿಯೇ ಹಾಕು. ನಿನ್ನ ಚಿಕ್ಕವಳಿಗೆ ಇನ್ನೂ ಮೂರು ತುಂಬಿಲ್ಲ. ಅವಳ ಕೈಗೆ ಇಡೀ ನೆಲಗಡಲೆ, ಇಡೀ ದ್ರಾಕ್ಷಿ ಕೊಡಲೇಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡು.

ಹೆಚ್ಚಿದ ಹಣ್ಣು ಕಳುಹಿಸುವುದಾದರೆ ಮೊದಲ ಬಿಡುವಿಗೇ ತಿಂದು ಮುಗಿಸುವಷ್ಟು ಮಾತ್ರ. ಪೇರಳೆಗೆ, ಅಂದರೆ ಸೀಬೆಹಣ್ಣಿಗೆ, ಸಮನಾದ ಡಬ್ಬಿಯ ಹಣ್ಣು ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೀರು ಬಿಡುವುದಿಲ್ಲ, ಮೆತ್ತಗಾಗುವುದಿಲ್ಲ, ಸಿ ಜೀವಸತ್ವ ಕಿತ್ತಳೆಗಿಂತ ಹಲವು ಪಟ್ಟು. ಉಪ್ಪು, ಚೂರು ಮೆಣಸಿನ ಪುಡಿ ಉದುರಿಸಿದರೆ ಸಾಕು. ನೇಂದ್ರ ಬಾಳೆಹಣ್ಣನ್ನು ಬಿಲ್ಲೆ ಮಾಡಿ ಲಿಂಬೆರಸ ಸವರಿದರೆ ಬೇಗ ಕಪ್ಪಾಗುವುದಿಲ್ಲ. ಹಣ್ಣನ್ನು ಕಪ್ಪು ಮಾಡುವ ಕಿಣ್ವ ಹುಳಿಯಲ್ಲಿ ಮಂದವಾಗುತ್ತದೆ. ಅದರ ಮೇಲೆ ಎಳ್ಳಿನ ಪುಡಿ ಒತ್ತಿ ಕೊಡುತ್ತೇನೆ. ಅನಾನಸು ಡಬ್ಬಿಗೆ ಸಲ್ಲದು. ರಸ ಸೋರಿ ಪುಸ್ತಕಕ್ಕೆ ಹೋಗುತ್ತದೆ.

ಇನ್ನು ಮಾಂಬಳ, ಅಂದರೆ ಬಿಸಿಲಿಗೆ ಒಣಗಿಸಿದ ಮಾವಿನ ರಸ. ಇದನ್ನು ಬರೆಯಲು ನನಗೆ ಎಷ್ಟು ಜಾಗ ಕೊಟ್ಟರೂ ಸಾಲದು. ನಮ್ಮ ಮಾವು, ಹಲಸು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಶಾಲೆ ಮುಚ್ಚಿರುವುದೂ ಆಗಲೇ. ಶಾಲೆ ತೆರೆಯುವ ಜೂನ್‌ಗೆ ಮಳೆ ಬಂದು ಮಾವಿನ ಕೊಂಬೆಯಲ್ಲಿ ಏನೂ ಉಳಿದಿರುವುದಿಲ್ಲ. ಹಿರಿಯರು ಈ ಎರಡರ ನಡುವೆ ಕಟ್ಟಿದ ಸೇತುವೆ ಚಾಪೆಯ ಮೇಲಿನ ಮಾಂಬಳ. ಕಾಟು ಮಾವಿನ ಹಣ್ಣನ್ನು ಹಿಂಡಿ, ನಾರು ಸೋಸಿ, ರಸವನ್ನು ತೆಳ್ಳಗೆ ಹರಡಿ ಬಿಸಿಲಿಗಿಡುವುದು. ಮರುದಿನ ಒಣಗಿದ ಪದರದ ಮೇಲೆ ಇನ್ನೊಂದು ಪದರ. ಮೇಲೆ ತೆಳು ಬಟ್ಟೆ, ಸುತ್ತ ಇರುವೆಗೆ ಕಾವಲು. ಅಂಚು ತಾನಾಗಿ ಮೇಲೇಳುವಾಗ ಚಾಪೆಯಿಂದ ಬಿಡಿಸಬೇಕು, ಅದಕ್ಕೆ ಮೊದಲು ಎಳೆದರೆ ಹರಿಯುತ್ತದೆ. ಸಕ್ಕರೆ ಹಾಕುವ ಅಗತ್ಯವೇ ಇಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟಾಗ ಅಮ್ಮನ ಮಾಂಬಳ ಅರ್ಧ ಒಣಗಿತ್ತು. ಚಾಪೆಗಳನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೇರಿಸಿ ಉಳಿಸಿಕೊಂಡೆವು, ತುಸು ಹೊಗೆಯ ವಾಸನೆ ಹತ್ತಿತು. ಮಗಳಿಗೆ ಆ ಹೊಗೆಯ ರುಚಿಯೇ ಮೆಚ್ಚು. ಈಗ ಅದನ್ನು ಕೈಯಗಲದ ಚೂರು ಮಾಡಿ, ಒಳಗೆ ಎಳ್ಳು ಕೊಬ್ಬರಿ ಇಟ್ಟು ಬೀಡದ ಹಾಗೆ ಮಡಚಿ ಡಬ್ಬಿಗಿಡುತ್ತೇನೆ. ತಿಂದ ಮೇಲೆ ಬಾಯಿ ಮುಕ್ಕಳಿಸಲು ಹೇಳು, ಹಲ್ಲಿಗೆ ಅಂಟುತ್ತದೆ.

"ಇದೆಲ್ಲ ಸಕ್ಕರೆ ಇಲ್ಲದ್ದು ತಾನೇ?" ಎಂದು ನೀನು ಕೇಳಿದ್ದೀಯೆ. ನೇರವಾಗಿ ಹೇಳುತ್ತೇನೆ. ಖರ್ಜೂರದ ಅರ್ಧಕ್ಕಿಂತ ಹೆಚ್ಚು ಪಾಲು ಸಕ್ಕರೆಯೇ. ಜೊತೆಗೆ ನಾರು, ಖನಿಜಗಳು ಇರುವುದರಿಂದ ಅದು ಮಿಠಾಯಿಗಿಂತ ಮೇಲು, ಅಷ್ಟೇ. ಬೆಲ್ಲವೂ ಸಕ್ಕರೆ, ಜೇನೂ ಸಕ್ಕರೆ. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ತೆಂಗಿನ ಹೂಗೊನೆಯ ರಸವನ್ನು ಕೆಡದಂತೆ ಇಳಿಸಿ ಕಲ್ಪರಸ ಎಂದು ಹೆಸರಿಟ್ಟಿದ್ದಾರೆ, ಅದರಿಂದ ತೆಂಗಿನ ಸಕ್ಕರೆ ಮಾಡುವುದನ್ನೂ ಕಲಿಸುತ್ತಾರೆ. ನನಗೆ ಅದರ ಬಗ್ಗೆ ಅಭಿಮಾನವಿದೆ. ಆದರೂ ಅದರ ಬಹುಪಾಲು ಸುಕ್ರೋಸ್, ಅಂದರೆ ಮಾಮೂಲಿ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಏನೆಂದರೆ, ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸ ಇವುಗಳಿಂದ ಬರುವ ಶಕ್ತಿ ದಿನದ ಒಟ್ಟಿನಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದೊಡ್ಡವರಿಗೆ ಆ 5 ಎಂದರೆ ಸುಮಾರು 25 ಗ್ರಾಂ, ಆರು ಚಮಚ. ಇಡೀ ಹಣ್ಣು ಈ ಲೆಕ್ಕದಲ್ಲಿ ಇಲ್ಲ. ಅದಕ್ಕೇ ಹಣ್ಣನ್ನು ಹಿಂಡಬೇಡ, ಹೆಚ್ಚಿ ಕೊಡು. ದಿನಕ್ಕೆ ಒಂದೋ ಎರಡೋ ಉಂಡೆ ಸಾಕು.

ಈ ಲೆಕ್ಕಗಳೆಲ್ಲ ನನಗೆ ಇಷ್ಟು ಬಾಯಿಪಾಠ ಏಕೆ ಎಂದು ನಿನಗೆ ಅನ್ನಿಸಿರಬಹುದು.

ಮೊನ್ನೆ ನೆಂಟರ ಮನೆಯಲ್ಲಿ ಮದುವೆಯ ಊಟ. ಹಲಸಿನ ಹಣ್ಣಿನ ಪಾಯಸ ಬಂತು. ಮಗಳು ಎರಡೂ ಕೈಗಳನ್ನು ಬಾಳೆಲೆಗೆ ಅಡ್ಡ ಹಿಡಿದಳು. ಬಡಿಸುವವರು "ಮಗೂ, ಒಂದು ಸೌಟು" ಎಂದು ಬಗ್ಗಿದರು. ಅವಳು "ಬೇಡ, ಅಜ್ಜನ ಕಾಲು ಹಾಗಾದದ್ದು ಇದರಿಂದಲೇ" ಎಂದಳು. ಹೇಳಿ ನನ್ನ ಮುಖ ನೋಡಿದಳು. ಪರೀಕ್ಷೆಯಲ್ಲಿ ಸರಿ ಉತ್ತರ ಬರೆದ ಮಕ್ಕಳು ನೋಡುತ್ತಾರಲ್ಲ, ಅದೇ ನೋಟ. ಪಂಕ್ತಿಯಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಅಪ್ಪನ ವಿಷಯ ನಿನಗೆ ಹೊಸತಲ್ಲ. ಹರತಾಳದ ದಿನ ಅವರನ್ನು ಜೀಪಿನಲ್ಲಿ ಮಲಗಿಸಿಕೊಂಡು ತಲಪಾಡಿ ದಾಟಿಸಿ ಮಂಗಳೂರು ಮುಟ್ಟಿಸಿದವನು ನೀನು. ಮಧುಮೇಹದಿಂದ ಕಾಲಿನ ಹೆಬ್ಬೆರಳು ತೆಗೆದ ಮೇಲೆಯೂ ಅವರು ಪಾಯಸದ ಪಾತ್ರೆ ಬರುವ ದಿಕ್ಕಿಗೆ ಕುತ್ತಿಗೆ ತಿರುಗಿಸುತ್ತಿದ್ದರು, ಅಮ್ಮ ಅವರ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಮಗಳು ಆಗ ತೀರ ಚಿಕ್ಕವಳು, ಅದನ್ನು ನೋಡಿ ನೆನಪಿಟ್ಟುಕೊಳ್ಳುವ ಪ್ರಾಯವಲ್ಲ. ಹಾಗಿದ್ದರೂ ಅಮ್ಮ ಕೈ ಹಿಡಿದ ಹಾಗೆಯೇ ಹಿಡಿದಳು. ಅವಳು ಕಲಿತದ್ದು ನನ್ನ ಅಡುಗೆಮನೆಯ ಮಾತಿನಿಂದ. ಖರ್ಜೂರದ ಬೀಜ ತೆಗೆಯುತ್ತ ಪಕ್ಕದಲ್ಲಿ ಕುಳಿತಿರುತ್ತಾಳೆ. ನಾನು ಅಜ್ಜನ ಕಥೆ ಹೇಳುತ್ತಿರುತ್ತೇನೆ.

ಇದಿಷ್ಟೇ ಆಗಿದ್ದರೆ ನಿನಗೆ ಫೋನಿನಲ್ಲಿ ಹೇಳಿ ಹಗುರಾಗುತ್ತಿದ್ದೆ. ಆ ಮದುವೆಯೂಟಕ್ಕೆ ಮೊದಲೇ ನನ್ನ ರಕ್ತಪರೀಕ್ಷೆಯ ವರದಿ ಬಂದಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು ಎನ್ನುತ್ತಾರೆ, 6.5 ಆದರೆ ಒಳಗೆ ಬಂದ ಹಾಗೆ. ದೇಶದಲ್ಲಿ 13.6 ಕೋಟಿ ಜನ ಈ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನ ಹೇಳುತ್ತದೆ. ಅಷ್ಟು ಜನರ ಜೊತೆಯಿದ್ದೇನೆ ಎಂಬುದು ರಾತ್ರಿ ನಿದ್ರೆ ಬಾರದಾಗ ಯಾವ ಸಮಾಧಾನವನ್ನೂ ಕೊಡುವುದಿಲ್ಲ. ವರದಿಯನ್ನು ಜಮೀನಿನ ಕಾಗದಗಳ ನಡುವೆ ಇಟ್ಟೆ. ಬೆಳಿಗ್ಗೆ ಎದ್ದು ಇನ್ನಷ್ಟು ಶ್ರದ್ಧೆಯಿಂದ ಉಂಡೆ ಕಟ್ಟಿದೆ. ಡಬ್ಬಿ ಮಗಳದು. ಹೆದರಿಕೆ ನನ್ನದು. ಎರಡೂ ಒಂದೇ ಚೀಲದಲ್ಲಿ ಶಾಲೆಗೆ ಹೋಗುತ್ತಿತ್ತೇ ಎಂದು ಆ ಪಂಕ್ತಿಯಲ್ಲಿ ಕುಳಿತು ಯೋಚಿಸಿದೆ. ಒಂಬತ್ತು ವರ್ಷದ ಮಗು ಹಬ್ಬದ ಎಲೆಯ ಮುಂದೆ ಹೆದರಬಾರದು, ಗೆಳೆಯ. ಅದಕ್ಕೆ ಹಸಿವಾಗಬೇಕು, ರುಚಿಯಾಗಬೇಕು, ಸಾಕಾದಾಗ ಸಾಕು ಅನ್ನಿಸಬೇಕು.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಬರೆದಾಯಿತು, ಅಳಿಸುವುದಿಲ್ಲ. ಓದುವವರಲ್ಲಿ ನಮ್ಮ ಮೇಷ್ಟರೂ ಇರುತ್ತಾರೆ, ಇರಲಿ. ಇದನ್ನು ಇಲ್ಲಿ ಹಾಕುವ ಮೊದಲು ಮನೆಯವಳಿಗೆ ವರದಿ ತೋರಿಸಿದೆ. ಎರಡು ಸಲ ಓದಿದಳು, ಜಮೀನಿನ ಕಡತಕ್ಕೆ ಮರಳಿ ಹೋಗಲು ಬಿಡದೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. "ಸಂಜೆ ನಡೆಯಲು ನಾನೂ ಬರುತ್ತೇನೆ, ಭಜನಾಮಂದಿರದವರೆಗೆ" ಎಂದಳು. ನಡೆಯುತ್ತಿದ್ದೇವೆ. ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಲು ವೈದ್ಯರು ಹೇಳಿದ್ದಾರೆ. ಮಗಳಿಗೆ ಅಜ್ಜನ ಬೇರೆ ಕಥೆಗಳನ್ನು ಹೇಳುತ್ತಿದ್ದೇನೆ. ತಾಳಮದ್ದಳೆಯಲ್ಲಿ ಅವರು ಶಲ್ಯನ ಅರ್ಥ ಹೇಳಿದ ರಾತ್ರಿಯ ಕಥೆ, ಎಮ್ಮೆ ಬಾವಿಯ ಕಟ್ಟೆ ಹತ್ತಿದ ಕಥೆ. ಎಮ್ಮೆಯ ಕಥೆಯಲ್ಲಿ ನೀನೂ ಬರುತ್ತೀಯೆ, ಸ್ವಲ್ಪ ಬಣ್ಣ ಕಟ್ಟಿದ್ದೇನೆ. ನಿನ್ನ ಮಗ ಕೇಳಿದರೆ ಸುಳ್ಳೆನ್ನಬೇಡ.

ಮುಂದಿನ ಶನಿವಾರ ಬಾಳೆಹಣ್ಣಿನ ರಸಾಯನ ಮಾಡೋಣ ಎಂದು ಮಗಳೇ ಹೇಳಿದ್ದಾಳೆ. ಬೆಲ್ಲ ಹಾಕಿ, ಕಾಯಿಹಾಲು ಹಾಕಿ, ನಮ್ಮೂರಿನ ಕ್ರಮದಲ್ಲಿಯೇ. ಅವಳಿಗೆ ಒಂದು ಬಟ್ಟಲು ತುಂಬ, ನನಗೆ ಎರಡು ಚಮಚ. ಅತ್ತಿಗೆಗೆ ಹೇಳು, ಕದಳಿ ಬಾಳೆ ಸಿಕ್ಕದಿದ್ದರೆ ಅಲ್ಲಿ ಸಿಗುವ ಯಾವ ಬಾಳೆಹಣ್ಣಾದರೂ ಆದೀತು, ಆದರೆ ಸಿಪ್ಪೆಯಲ್ಲಿ ಚುಕ್ಕೆ ಬೀಳುವವರೆಗೆ ಕಾಯಬೇಕು. ರಜೆಗೆ ಬರುವಾಗ ಮಕ್ಕಳನ್ನು ಏಪ್ರಿಲ್ ಮುಗಿಯುವುದರೊಳಗೆ ಕರೆತಾ, ಮಾಂಬಳಕ್ಕೆ ಹಣ್ಣು ಹಿಂಡುವ ಕೈಗಳು ಬೇಕು. ಖರ್ಜೂರ ತರುವುದಾದರೆ ಬೀಜವಿರುವುದನ್ನೇ ತಾ. ಬೀಜ ತೆಗೆದದ್ದು ತಂದರೆ ಮಗಳು ನಿನ್ನನ್ನು ಒಳಗೆ ಬಿಡುವುದಿಲ್ಲ, ಆ ಕೆಲಸ ಅವಳದು.

ನಿನ್ನ,
ನಾಲ್ಕನೆಯ ಬೆಂಚಿನವ