ಮೊದಲು ಮೈ ತಣ್ಣಗೆ ಮಾಡಿ, ಆಮೇಲೆ ಆಸ್ಪತ್ರೆಗೆ ಒಯ್ಯಿರಿ

ಮಾನ್ಯ ಸಂಪಾದಕರೇ,

ಸೆಕೆಯಲ್ಲಿ ಓಡುವವರಿಗಾಗಿ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ‘ಚೆನ್ನಾಗಿ ನೀರು ಕುಡಿಯಿರಿ’ ಅನ್ನುವಲ್ಲಿಗೆ ಅದು ಮುಗಿದಿತ್ತು. ಹದಿನಾಲ್ಕು ವರ್ಷದಿಂದ ದೂರದ ಓಟ ಓಡುತ್ತಿದ್ದೇನೆ. ಹೀಟ್ ಸ್ಟ್ರೋಕ್, ಅಂದರೆ ಮೈ ವಿಪರೀತ ಕಾದು ಬುದ್ಧಿ ಕಲಸುವ ಅಪಾಯ, ತಡೆಯಲು ಅಷ್ಟೇ ಸಾಲದು ಅಂತ ಕಣ್ಣಾರೆ ಕಂಡಿದ್ದೇನೆ.

ಎರಡು ವರ್ಷದ ಹಿಂದೆ ಒಂದು ಹಾಫ್ ಮ್ಯಾರಥಾನ್‌ನಲ್ಲಿ, 18ನೇ ಕಿಲೋಮೀಟರ್ ಹತ್ತಿರ, ನನ್ನ ಗೆಳೆಯ ಅಡ್ಡಾದಿಡ್ಡಿ ಹೆಜ್ಜೆ ಹಾಕತೊಡಗಿದ. ‘ಇನ್ನೆಷ್ಟು ದೂರ ಇದೆ, ಗೊತ್ತಾ?’ ಅಂತ ಕೇಳಿದೆ. ‘ಬಸ್ ಬಂತಾ?’ ಅಂದ. ನೀರಿಟ್ಟ ಕಡೆಯಲ್ಲೆಲ್ಲ ನಿಂತು ಕುಡಿದೇ ಬಂದಿದ್ದ. ಮೈಯಿಂದ ಬೆವರೂ ಸುರಿಯುತ್ತಿತ್ತು. ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್ ಅಂತ ನಾನು ನಂಬಿದ್ದೆ. ಅದು ತಪ್ಪು. ಓಡುತ್ತಾ ಹೀಟ್ ಸ್ಟ್ರೋಕ್ ಆದವರು ಬೆವರುತ್ತಲೇ ಇರಬಹುದು. ಆ ತಲೆಬುಡವಿಲ್ಲದ ಉತ್ತರ ಕೇಳಿದಾಗಲೇ ಅವನನ್ನು ನಾನು ನಿಲ್ಲಿಸಬೇಕಿತ್ತು.

ಸ್ವಲ್ಪ ದೂರದಲ್ಲೇ ಕುಸಿದ. ಸಂಘಟಕರ ಬಳಿ ಐಸ್ ಇರಲಿಲ್ಲ, ಟಬ್ ಇರಲಿಲ್ಲ. ಆಂಬುಲೆನ್ಸ್‌ಗೆ ಇಪ್ಪತ್ತು ನಿಮಿಷ ಕಾದೆವು. ಪಕ್ಕದ ಮೇಜಿನ ಮೇಲೆ ನೀರಿನ ಕ್ಯಾನುಗಳು ಸಾಲಾಗಿದ್ದವು. ಅದನ್ನು ಅವನ ಮೈಮೇಲೆ ಸುರಿಯಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಲೋಟ ಲೋಟ ಬಾಯಿಗೆ ಹಿಡಿಯುತ್ತಿದ್ದೆವು. ಅವನು ಬದುಕಿದ. ಆದರೆ ಆ ಕ್ಯಾನುಗಳು ಇವತ್ತಿಗೂ ಕಣ್ಣಮುಂದೆ ಬರುತ್ತವೆ.

ಮೈಯೊಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ, ಬುದ್ಧಿ ಕಲಸಿದರೆ ಒಂದೊಂದು ನಿಮಿಷವೂ ಮುಖ್ಯ. ಅರ್ಧ ಗಂಟೆಯೊಳಗೆ ಉಷ್ಣತೆ ಇಳಿಸಬೇಕು. ಐಸ್ ಹಾಕಿದ ನೀರಿನ ಟಬ್‌ನಲ್ಲಿ ಕುತ್ತಿಗೆವರೆಗೆ ಮುಳುಗಿಸಿ, ತಲೆ ನೀರಿಗೆ ಹೋಗದಂತೆ ಒಬ್ಬರು ಹಿಡಿದುಕೊಳ್ಳಬೇಕು. ಟಬ್ ಇಲ್ಲದಿದ್ದರೆ ಸಿಕ್ಕ ತಣ್ಣೀರು ಮೈಮೇಲೆ ಸುರಿಯುತ್ತಲೇ ಇರಿ, ಗಾಳಿ ಬೀಸಿ. ಆಂಬುಲೆನ್ಸ್ ಕರೆಯಿರಿ, ಆದರೆ ಅದು ಬರಲಿ ಅಂತ ಸುಮ್ನೆ ಕೂರಬೇಡಿ.

ಬಿಸಿಲಿಲ್ಲದಿದ್ದರೆ ಭಯವಿಲ್ಲ ಅನ್ನುವವರೂ ಇದ್ದಾರೆ. 2019ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಶುರುವಾಗಿದ್ದೇ ನಡುರಾತ್ರಿ. ಹೊರಟ 68 ಜನರಲ್ಲಿ 28 ಮಂದಿಗೆ ಮುಗಿಸಲಾಗಲಿಲ್ಲ. ಓಡುವಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವೇ ಆಗುತ್ತದೆ. ಬೆವರು ಆರಿದರೆ ತಾನೇ ಮೈ ತಣಿಯೋದು? ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಆರುವುದೇ ಇಲ್ಲ, ಬರೀ ತೊಟ್ಟಿಕ್ಕುತ್ತದೆ. ಆಗ ಇರುವ ದಾರಿ ವೇಗ ತಗ್ಗಿಸುವುದು. ಗಡಿಯಾರ ನೋಡಿ ಓಡಬೇಡಿ, ಉಸಿರು ನೋಡಿ ಓಡಿ. ಸೆಕೆಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಜ್ವರವೋ ಭೇದಿಯೋ ಇದ್ದರೆ ಅವತ್ತು ಓಡಲೇಬೇಡಿ.

ನೀರಿನ ವಿಷಯ. ಬೇಡವಾದರೂ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಕುತ್ತು ಬರಬಹುದು. ನಾನು ಓಟಕ್ಕೆ ಮೊದಲು ಮತ್ತು ಆಮೇಲೆ ತೂಕ ನೋಡುತ್ತೇನೆ. ತೂಕ ಏರಿದ್ದರೆ ಬೇಕಾದ್ದಕ್ಕಿಂತ ಜಾಸ್ತಿ ಕುಡಿದಿದ್ದೇನೆ ಅಂತಲೇ ಅರ್ಥ.

ಓಟದ ಹಿಂದಿನ ದಿನ ನೀವು ಸಮಯ, ಮಾರ್ಗ ಎಲ್ಲ ಪ್ರಕಟಿಸುತ್ತೀರಿ. ದಯವಿಟ್ಟು ಇನ್ನೊಂದು ಸಾಲು ಸೇರಿಸಿ: ಐಸ್ ಟಬ್ ಎಷ್ಟು ಇಟ್ಟಿದ್ದಾರೆ, ಎಷ್ಟನೇ ಕಿಲೋಮೀಟರ್‌ನಲ್ಲಿ ಇಟ್ಟಿದ್ದಾರೆ ಅಂತ. ಸಂಘಟಕರನ್ನು ಕೇಳಿಯೇ ಬರೆಯಿರಿ.

ಇಂತಿ,
ನಿಮ್ಮ ಓದುಗ, ಒಬ್ಬ ಓಟಗಾರ