ಅಗ್ಗದ ಟೂಲ್ಸ್: ಬೆಲೆ ಕೇಳುವ ಮೊದಲು ಬಿಡಿಭಾಗ ಕೇಳಿ

ಮಾನ್ಯ ಸಂಪಾದಕರೇ,

ಹಬ್ಬ ಹತ್ತಿರ ಬಂತೆಂದರೆ ‘ಡ್ರಿಲ್ ಸಮೇತ ನೂರು ಪೀಸಿನ ಟೂಲ್ ಕಿಟ್, ಭಾರಿ ರಿಯಾಯಿತಿ’ ಎಂಬ ಜಾಹೀರಾತು ಎಲ್ಲರ ಮೊಬೈಲಿಗೂ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯವರೆಗೆ, ಹೆಸರೇ ಕೇಳಿರದ ಕಂಪನಿಯ, ಕಬ್ಬಿಣ ಕೊಯ್ಯುವ–ಉಜ್ಜುವ ನಾಲ್ಕಿಂಚಿನ ಗ್ರೈಂಡರ್ ಸಾವಿರ–ಒಂದೂವರೆ ಸಾವಿರ ರೂಪಾಯಿಗೆ ಸಿಗುತ್ತಿದೆ. ತಗೊಳ್ಳಬಹುದೇ ಎಂದು ಕೇಳಿದರೆ, ಅಗ್ಗದ್ದೆಲ್ಲ ಕಸ ಎನ್ನುವವರು ಒಂದು ಕಡೆ. ಎಲ್ಲ ಬರುವುದೂ ಚೀನಾದ ಒಂದೇ ಫ್ಯಾಕ್ಟರಿಯಿಂದ, ಸ್ಟಿಕ್ಕರ್ ಮಾತ್ರ ಬೇರೆ ಎನ್ನುವವರು ಇನ್ನೊಂದು ಕಡೆ. ರಿಪೇರಿ ಬೆಂಚಿನಲ್ಲಿ ಕೂತು ನೋಡುವ ನಮಗೆ ಮುಖ್ಯವಾಗಿ ಕಾಣುವುದು ಎರಡೇ ಪ್ರಶ್ನೆ. ಇದು ಕೆಟ್ಟಾಗ ಪೆಟ್ಟು ಬೀಳುವುದು ದುಡ್ಡಿಗೋ, ಮೈಗೋ? ಕೆಟ್ಟ ಭಾಗ ಮಾರ್ಕೆಟ್ಟಿನಲ್ಲಿ ಸಿಗುತ್ತದೋ, ಇಲ್ಲವೋ?

ಮೊದಲ ಪ್ರಶ್ನೆಗೆ ಉತ್ತರ ‘ದುಡ್ಡಿಗೆ’ ಎಂದಾದರೆ ಅಗ್ಗದ್ದನ್ನು ಧಾರಾಳವಾಗಿ ಕೊಳ್ಳಿ. ಸಿ ಕ್ಲಾಂಪು, ಗೋಡೆಗೆ ಪುಟ್ಟಿ ಎಳೆಯುವ ಬ್ಲೇಡು, ಸಿಲಿಕಾನ್ ಗನ್ನು, ಹ್ಯಾಕ್ಸಾ ಫ್ರೇಮು ಇವಕ್ಕೆಲ್ಲ ದೊಡ್ಡ ಹೆಸರು ಬೇಕಿಲ್ಲ. ಫ್ರೇಮಿನಲ್ಲಿ ಉಳಿಸಿದ ದುಡ್ಡನ್ನು ಬ್ಲೇಡಿಗೆ ಹಾಕಿ. 300 ಮಿ.ಮೀ. ಉದ್ದದ, ಇಂಚಿಗೆ 24 ಹಲ್ಲಿನ ಬೈಮೆಟಲ್ ಬ್ಲೇಡು ಮನೆಯ ಪೈಪು, ಆಂಗಲ್ ಎಲ್ಲಕ್ಕೂ ಆಗುತ್ತದೆ. ಅಳತೆಯ ಸಾಮಾನನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ರಸಮಟ್ಟವನ್ನು ಗಾಜಿನ ಕೌಂಟರ್ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿದೆ ನೋಡಿ, ಅದೇ ಜಾಗದಲ್ಲಿ ತುದಿ ಅದಲುಬದಲು ಮಾಡಿ ಇಡಿ. ಗುಳ್ಳೆ ಮೊದಲಿನ ಕಡೆಗೇ ಅಷ್ಟೇ ವಾಲಿದ್ದರೆ ಕೌಂಟರ್ ಓರೆ, ಇನ್ನೊಂದು ಕಡೆಗೆ ವಾಲಿದರೆ ರಸಮಟ್ಟವೇ ಓರೆ. ಮೂಲೆಮಟ್ಟಕ್ಕೂ ಹೀಗೆಯೇ: ನೇರ ಅಂಚಿಗೆ ಒತ್ತಿ ಒಂದು ಗೆರೆ, ಮಗುಚಿ ಹಾಕಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ. ಗೆರೆಗಳ ನಡುವೆ ಕಂಡ ಅಂತರದ ಅರ್ಧ ಅದರ ತಪ್ಪು. ಇನ್ನು, ಟೇಪಿನ ಕೊಕ್ಕೆ ಅಲ್ಲಾಡುತ್ತದೆ ಎಂದು ವಾಪಸ್ ಕೊಡುವವರಿಗೆ ಒಂದು ಮಾತು. ಅದು ತನ್ನ ದಪ್ಪದಷ್ಟು ಅಲ್ಲಾಡಲೇಬೇಕು. ಎಳೆದು ಅಳೆದರೂ ಒತ್ತಿ ಅಳೆದರೂ ಒಂದೇ ಲೆಕ್ಕ ಬರಲೆಂದು ಹಾಗೆ ಮಾಡಿದ್ದಾರೆ. ಸುತ್ತಿಗೆಯಲ್ಲಿ ಬಡಿದು ‘ಸರಿ’ ಮಾಡಿದರೆ ಅಳತೆ ತಪ್ಪುತ್ತದೆ.

ಸ್ಪ್ಯಾನರ್ ಸೆಟ್ಟಿನಲ್ಲಿ ಪೀಸುಗಳ ಸಂಖ್ಯೆಗೆ ಮರುಳಾಗಬೇಡಿ. ನಮ್ಮ ರಸ್ತೆಯ ಹೆಚ್ಚಿನ ಬೈಕು, ಸ್ಕೂಟರುಗಳಿಗೆ 8, 10, 12, 14, 17 ಮಿ.ಮೀ. ಸೈಜು ಇದ್ದರೆ ಮುಕ್ಕಾಲು ಪಾಲು ಕೆಲಸ ಆಯಿತು. ‘ಕ್ರೋಮ್ ವೆನೇಡಿಯಂ’ (ಒಂದು ಗಟ್ಟಿ ಉಕ್ಕು) ಎಂದು ಅಚ್ಚು ಹೊಡೆಯಲು ಯಾರಿಗೂ ಖರ್ಚಿಲ್ಲ. ಹೊಸ 10ರ ಬೋಲ್ಟೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಸ್ಪ್ಯಾನರಿನ ಬಾಯಿಗೆ ಕೂರಿಸಿ ಅಲ್ಲಾಡಿಸಿ. ಸಡಿಲವಿದ್ದರೆ ಬಿಗಿಯಾದ ಬೋಲ್ಟಿಗೆ ಬಲ ಹಾಕಿದಾಗ ಬಾಯಿ ಇನ್ನಷ್ಟು ಅಗಲವಾಗಿ ಬೋಲ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಆಮೇಲೆ ಆ ಬೋಲ್ಟನ್ನು ಬಿಚ್ಚಿಸುವ ಕೂಲಿಯಲ್ಲಿ ಒಳ್ಳೆಯ ಸ್ಪ್ಯಾನರೇ ಬರುತ್ತಿತ್ತು. ಸಾಕೆಟ್ ಅಗ್ಗದ್ದೇ ಬೇಕೆಂದರೆ ಒಳಗೆ ಹನ್ನೆರಡು ಮೂಲೆಯದ್ದನ್ನು ಬಿಟ್ಟು ಆರು ಮೂಲೆಯದ್ದನ್ನು ತಗೊಳ್ಳಿ. ಅದು ಬೋಲ್ಟಿನ ಸಪಾಟು ಬದಿಯನ್ನು ಹಿಡಿಯುತ್ತದೆ.

ಡ್ರಿಲ್ ಬಿಟ್ಟಿನ ಬಂಗಾರದ ಬಣ್ಣವನ್ನೂ ಹಾಗೆಯೇ ನಂಬಬೇಡಿ, ಅದರಡಿಯ ಉಕ್ಕು ಯಾವುದೆಂದು ನೋಡಿ. ಸಾಧಾರಣ ಕಾರ್ಬನ್ ಸ್ಟೀಲಿನ ಬಿಟ್ಟು 200–250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ, ತುದಿ ನೀಲಿಗಟ್ಟುತ್ತದೆ. ಹೈಸ್ಪೀಡ್ ಸ್ಟೀಲು ಸುಮಾರು 600 ಡಿಗ್ರಿವರೆಗೂ ಗಡಸು ಉಳಿಸಿಕೊಳ್ಳುತ್ತದೆ. ಮೈಲ್ಡ್ ಸ್ಟೀಲಿನಲ್ಲಿ 6 ಮಿ.ಮೀ. ತೂತಿಗೆ ನಿಮಿಷಕ್ಕೆ 1,300 ಸುತ್ತು ಸಾಕು. ಆದರೆ ಮನೆಬಳಕೆಯ ಡ್ರಿಲ್ಲು ಟ್ರಿಗರ್ ಪೂರ್ತಿ ಒತ್ತಿದರೆ ಅದರ ಎರಡರಷ್ಟು ತಿರುಗುತ್ತದೆ. ಅರ್ಧ ಒತ್ತಿ, ಎರಡು ಹನಿ ಎಣ್ಣೆ ಬಿಡಿ. ಕಿಟ್ಟಿನ ಹದಿಮೂರು ಬಿಟ್ಟುಗಳ ಬದಲು ಒಳ್ಳೆಯ ಮೂರನ್ನು ಬಿಡಿಯಾಗಿ ಕೊಂಡರೆ ಅಗ್ಗದ ಡ್ರಿಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ವರ್ಷಕ್ಕೆ ನಾಲ್ಕು ಫೋಟೊ, ಒಂದು ಕರ್ಟನ್ ರಾಡು ಹಾಕುವ ಮನೆಗೆ 10 ಮಿ.ಮೀ. ಚಕ್ಕಿನ (ಬಿಟ್ಟು ಹಿಡಿಯುವ ಬಾಯಿ) ಅಗ್ಗದ ಇಂಪ್ಯಾಕ್ಟ್ ಡ್ರಿಲ್ಲು ಧಾರಾಳವಾಯಿತು. ಅದನ್ನೇ ಹಿಡಿದು ಆರ್‌ಸಿಸಿ ಪಿಲ್ಲರಿಗೆ ಒತ್ತಿದರೆ ಮಾತ್ರ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಸುಡುತ್ತದೆ. ಆ ಕೆಲಸ ರೋಟರಿ ಹ್ಯಾಮರಿನದ್ದು, ಬೇಕಾದ ದಿನ ಬಾಡಿಗೆಗೆ ತನ್ನಿ.

ಪೆಟ್ಟು ಮೈಗೆ ಬೀಳುವ ಸಾಮಾನುಗಳಲ್ಲಿ ಮೊದಲನೆಯದು ಗ್ರೈಂಡರಿನ ಡಿಸ್ಕು. ಮಷೀನಿಗೆ ಎರಡು ಸಾವಿರ ಕೊಟ್ಟವರೂ ಡಿಸ್ಕಿನಲ್ಲಿ ಹತ್ತು ರೂಪಾಯಿ ಚೌಕಾಸಿ ಮಾಡುತ್ತಾರೆ. 100 ಮಿ.ಮೀ. ಕಟಿಂಗ್ ಡಿಸ್ಕಿನ ಮೇಲೆ ಸೆಕೆಂಡಿಗೆ 80 ಮೀಟರ್ ಅಥವಾ ನಿಮಿಷಕ್ಕೆ ಸುಮಾರು 15,300 ಸುತ್ತು ಎಂದು ಅಚ್ಚಾಗಿರಬೇಕು. ನಾಲ್ಕಿಂಚಿನ ಮಷೀನು ಖಾಲಿ ಓಡುವುದು 11,000ದ ಆಸುಪಾಸಿನಲ್ಲಿ. ನಡುವಿನ ಅಂತರವೇ ನಿಮ್ಮ ರಕ್ಷಣೆ. ಏಳಿಂಚಿನ ಡಿಸ್ಕಿನ ಮಿತಿ 8,500 ಸುತ್ತು. ಡಿಸ್ಕಿನ ಮೇಲಿನ ಗಾರ್ಡು ಕಿತ್ತು, ತೂತು ಹೊಂದಿಸಲು ಬುಷ್ (ಬಳೆ) ಹಾಕಿ ಅದನ್ನು ಈ ಚಿಕ್ಕ ಮಷೀನಿಗೆ ಕೂರಿಸಿದರೆ ಅಂಚಿನ ವೇಗ ಸೆಕೆಂಡಿಗೆ 100 ಮೀಟರ್ ದಾಟುತ್ತದೆ, ಡಿಸ್ಕು ಸಿಡಿಯುತ್ತದೆ. ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಬಳಸಬಹುದಾದ ಕೊನೆಯ ಅವಧಿ, ಸಾಮಾನ್ಯವಾಗಿ ತಯಾರಾದ ದಿನದಿಂದ ಮೂರು ವರ್ಷ. ಡಿಸ್ಕಿನ ರಾಳ ತೇವ ಹೀರಿಕೊಂಡರೆ ಬಲ ಕಳೆದುಕೊಳ್ಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಬೇಗ ಕಾಣುತ್ತೇವೆ. ಒಣ ಡಬ್ಬಿಯಲ್ಲಿ ಮಲಗಿಸಿಡಿ, ಗೋಡೆಗೆ ಒರಗಿಸಬೇಡಿ. ದಿನಾಂಕವೇ ಇಲ್ಲದ ಡಿಸ್ಕನ್ನು ಪುಕ್ಕಟೆ ಕೊಟ್ಟರೂ ಬೇಡ ಎನ್ನಿ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವುದಂತೂ ಶುದ್ಧ ಹುಚ್ಚಾಟ. ಹಲ್ಲು ಮರದಲ್ಲಿ ಕಚ್ಚಿಕೊಂಡ ಕೂಡಲೇ ಮಷೀನು ಹಿಂದಕ್ಕೆ ಒದ್ದು ಕೈಗೋ ತೊಡೆಗೋ ಬರುತ್ತದೆ. ಕಂಪನಿ ಯಾವುದಾದರೂ ಇದರಲ್ಲಿ ವ್ಯತ್ಯಾಸವಿಲ್ಲ.

ಲೈನ್ ಟೆಸ್ಟರನ್ನೂ ಫುಟ್‌ಪಾತಿನಲ್ಲಿ ಕೊಳ್ಳಬೇಡಿ. 230 ವೋಲ್ಟಿಗೂ ನಿಮ್ಮ ಬೆರಳಿಗೂ ನಡುವೆ ಅಲ್ಲಿರುವುದು ಒಂದು ಪುಟ್ಟ ರೆಸಿಸ್ಟರ್, ಒಂದು ನಿಯಾನ್ ಬಲ್ಬು, ಅಷ್ಟೇ. ಕಟಿಂಗ್ ಪ್ಲೇಯರಿನ ಹಿಡಿಯ ಬಣ್ಣದ ಕವಚವೂ ಬಹಳ ಸಲ ಹಿಡಿತಕ್ಕೆ ಮಾತ್ರ. ವಿದ್ಯುತ್ ಕೆಲಸಕ್ಕೆಂದೇ ಪರೀಕ್ಷಿಸಿದ್ದಕ್ಕೆ ಎರಡು ತ್ರಿಕೋನದ ಗುರುತು, ಜೊತೆಗೆ 1000 ವೋಲ್ಟ್ ಎಂಬ ಅಚ್ಚು ಇರುತ್ತದೆ. ಜಾಕು, ಏಣಿ, ಕಣ್ಣು ಕಾಯುವ ಕನ್ನಡಕಗಳನ್ನೂ ಅಗ್ಗ ನೋಡಿ ಕೊಳ್ಳಬೇಡಿ.

ಎರಡನೇ ಪ್ರಶ್ನೆ ಬಿಡಿಭಾಗದ್ದು. ಅಗ್ಗದ ಗ್ರೈಂಡರ್, ಡ್ರಿಲ್ಲುಗಳಲ್ಲಿ ಬಹಳಷ್ಟು ಪ್ರಸಿದ್ಧ ಮಾಡೆಲ್‌ಗಳ ನಕಲುಗಳೇ. ಇದು ಕೊಳ್ಳುವವರಿಗೆ ಒಂದು ಅನುಕೂಲ ಕೂಡ: ಅಂಥ ಮಷೀನಿನ ಆರ್ಮೇಚರ್, ಫೀಲ್ಡ್ ಕಾಯಿಲ್ (ಅದರ ಸುತ್ತ ನಿಂತಿರುವ ತಂತಿ ಸುರುಳಿ), ಸ್ವಿಚ್ಚು ಬಿಡಿಯಾಗಿ ಸಿಗುತ್ತವೆ. ಯಾವ ಮಾಡೆಲ್ಲಿನ ಪಾರ್ಟು ಇದಕ್ಕೆ ಕೂರುತ್ತದೆ ಎಂದು ಅಂಗಡಿಯವರನ್ನು ಕೇಳಿ. ಉತ್ತರ ಬರದಿದ್ದರೆ, ಅದು ಸುಟ್ಟ ದಿನ ಗುಜರಿಗೆ ಎಂದು ಲೆಕ್ಕ ಹಾಕಿಯೇ ಕೊಳ್ಳಿ. ಆರ್ಮೇಚರ್ ಬದಲಿಸುವಾಗ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಶಾಫ್ಟಿನ ದಪ್ಪ, ಕೋರಿನ ಉದ್ದ, ಪಿನಿಯನ್ನಿನ (ತುದಿಯ ಸಣ್ಣ ಗೇರು) ಹಲ್ಲು ಮೂರನ್ನೂ ತಾಳೆ ನೋಡಿ. ಹಲ್ಲು ಒಂದು ಹೆಚ್ಚುಕಡಿಮೆಯಾದರೂ ಗೇರು ಅರೆದುಹೋಗುತ್ತದೆ.

ಕೊಳ್ಳುವಾಗ ಮಷೀನನ್ನು ಓಡಿಸದೆ ತರಬೇಡಿ. ಮೊದಲು ಪ್ಲಗ್ ಹಾಕದೆ ಸ್ಪಿಂಡಲ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಸಡಿಲವಿದ್ದರೆ ಬೇರಿಂಗಿನ ಜಾಗದಲ್ಲಿ ಬರೀ ಲೋಹದ ಬುಷ್ ಇರಬಹುದು. ಡ್ರಿಲ್ಲಾದರೆ ನೇರವಾದ ಬಿಟ್ಟು ಕಚ್ಚಿಸಿ ಮೆಲ್ಲಗೆ ತಿರುಗಿಸಿ. ತುದಿ ಎರಡಾಗಿ ಕಂಡರೆ ಚಕ್ಕು ಓರೆ. ಒಂದು ನಿಮಿಷ ಖಾಲಿ ಓಡಿಸಿ ಗಾಳಿಯ ಕಿಂಡಿಯೊಳಗೆ ಇಣುಕಿ. ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು) ಬಳಿ ಸಣ್ಣ ನೀಲಿ ಕಿಡಿ ಸಹಜ. ಬ್ರಷ್ ಉಜ್ಜುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್ ಸುತ್ತ ಬೆಂಕಿಯ ಬಳೆಯಂತೆ ಹರಿದರೆ ಬೇಡ. ಬ್ರಷ್ ತೆಗೆಯುವ ಮುಚ್ಚಳ ಹೊರಗಡೆಯೇ ಇದ್ದರೆ ಒಳ್ಳೆಯದು, ಬ್ರಷ್ ಸವೆದಾಗ ಮನೆಯಲ್ಲೇ ಬದಲಿಸಬಹುದು. ಎರಡು ಪಿನ್ನಿನ ವೈರಿದ್ದರೆ ನೇಮ್ ಪ್ಲೇಟಿನಲ್ಲಿ ಚೌಕದೊಳಗೊಂದು ಚೌಕದ ಗುರುತಿರಬೇಕು, ಅದು ಡಬಲ್ ಇನ್ಸುಲೇಶನ್ನಿನ ಗುರುತು. ನೀರು ಹಾಕಿ ಮಾರ್ಬಲ್ ಕೊಯ್ಯುವವರು ಆ ಗುರುತನ್ನೂ ನಂಬದೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಇರುವ ಲೈನಿನಲ್ಲೇ ಕೆಲಸ ಮಾಡಬೇಕು.

ಸುಟ್ಟು ಬರುವ ಮಷೀನುಗಳಲ್ಲಿ ತಪ್ಪು ಯಾವಾಗಲೂ ಮಷೀನಿನದ್ದಲ್ಲ. 1,400 ವಾಟಿನ ಮಾರ್ಬಲ್ ಕಟ್ಟರು ಸುಮಾರು 6 ಆಂಪಿಯರ್ ಎಳೆಯುತ್ತದೆ. 30 ಮೀಟರ್ ಉದ್ದದ ಅರ್ಧ ಚದರ ಎಂ.ಎಂ. ವೈರಿನಲ್ಲಿ ಹೋಗಿಬರುವಷ್ಟರಲ್ಲಿ 14 ವೋಲ್ಟ್ ಇಳಿಯುತ್ತದೆ, ಒಂದೂವರೆ ಚದರ ಎಂ.ಎಂ. ಐಎಸ್‌ಐ ವೈರಿನಲ್ಲಿ 5 ವೋಲ್ಟಿನೊಳಗೆ. ಹಳ್ಳಿಯ ಲೈನಿನಲ್ಲಿ ವೋಲ್ಟೇಜು ಮೊದಲೇ ಕಡಿಮೆ. ಮಷೀನು ಸೋಲುತ್ತದೆ, ಕೆಲಸದವರು ಇನ್ನಷ್ಟು ಒತ್ತುತ್ತಾರೆ, ಒಳಗಿನ ತಂತಿ ಸುರುಳಿ (ವೈಂಡಿಂಗ್) ಬಿಸಿಯೇರುತ್ತದೆ. ಮಷೀನು ಕಾದರೆ ತಟ್ಟನೆ ಆರಿಸಬೇಡಿ. ಒಂದು ನಿಮಿಷ ಖಾಲಿ ಓಡಲು ಬಿಟ್ಟರೆ ಅದರ ಫ್ಯಾನೇ ತಣಿಸುತ್ತದೆ.

ಈಗಿನ ದೊಡ್ಡ ಆಟ ನಡೆಯುತ್ತಿರುವುದು ಬ್ಯಾಟರಿ ಡ್ರಿಲ್ಲಿನಲ್ಲಿ. 21 ವೋಲ್ಟ್ ಎಂದು ಮಾರುವುದರೊಳಗೆ ಐದು ಲಿಥಿಯಂ ಸೆಲ್ ಸಾಲಾಗಿ ಇರುತ್ತವೆ. ಪೂರ್ತಿ ಚಾರ್ಜಾದ ಸೆಲ್ 4.2 ವೋಲ್ಟ್, ಐದಕ್ಕೆ 21. ಕೆಲಸದ ವೋಲ್ಟೇಜು ಸೆಲ್ಲಿಗೆ 3.6, ಅಂದರೆ 18. ಹೆಸರಾಂತ ಕಂಪನಿಯ ‘18 ವೋಲ್ಟ್’ ಕೂಡ ಇದೇ ಐದು ಸೆಲ್. ಇಲ್ಲಿಯವರೆಗೆ ಸುಳ್ಳೇನಿಲ್ಲ, ಬರೀ ಜಾಣತನ. ‘48 ವಿಎಫ್’, ‘88 ವಿಎಫ್’ ಎಂದು ಬರೆದವುಗಳಲ್ಲೂ ಬಿಚ್ಚಿ ನೋಡಿದರೆ ಅವೇ ಐದು ಸೆಲ್ ಕಾಣುತ್ತವೆ. ‘ವಿ’ಯ ಪಕ್ಕದ ‘ಎಫ್’ಗೆ ಯಾವ ಅರ್ಥವೂ ಇಲ್ಲ. ಬಿಚ್ಚದೆಯೂ ಸಾಮರ್ಥ್ಯ ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ಈ ಪ್ಯಾಕುಗಳಲ್ಲಿ ಸಾಮಾನ್ಯವಾಗಿ ಹಾಕುವ 18650 ಎಂಬ ಸೈಜಿನ ಸೆಲ್ಲೊಂದು ಸುಮಾರು 45 ಗ್ರಾಂ. ಅದರಲ್ಲಿ 4 ಆಂಪಿಯರ್ ಅವರ್ ಬೇಕೆಂದರೆ ಐದೈದರ ಎರಡು ಸಾಲಿನಂತೆ ಹತ್ತು ಸೆಲ್ ಬೇಕು, ಸೆಲ್ಲುಗಳೇ 450 ಗ್ರಾಂ ಆಯಿತು. ಇಡೀ ಪ್ಯಾಕೇ 400 ಗ್ರಾಂ ತೂಗಿದರೆ ಒಳಗಿರುವುದು ಐದೇ, ಒಂದೂವರೆಯೋ ಎರಡೋ ಆಂಪಿಯರ್ ಅವರಿನದ್ದು. ಸೆಲ್ಲುಗಳ ಚಾರ್ಜನ್ನು ಸಮ ಮಾಡುವ ಸರ್ಕ್ಯೂಟ್ ಬಹಳ ಅಗ್ಗದ ಪ್ಯಾಕುಗಳಲ್ಲಿ ಇರುವುದಿಲ್ಲ. ಹಾಗಾಗಿ ಒಂದು ಸೆಲ್ ಸೊರಗಿದರೆ ಪ್ಯಾಕೇ ಸತ್ತಂತೆ. ಬಿಸಿಯಿರುವಾಗ ಚಾರ್ಜಿಗೆ ಹಾಕಬೇಡಿ, ರಾತ್ರಿಯಿಡೀ ಬಿಡಬೇಡಿ. ಕಪಾಟು ಜೋಡಿಸುವುದು, ಸ್ಕ್ರೂ ಹಾಕುವುದು ಇಷ್ಟಕ್ಕಾದರೆ ಇಂಥ ಡ್ರಿಲ್ಲು ತಗೊಳ್ಳಿ, ಕೊಟ್ಟ ಬೆಲೆಗೆ ಮೋಸವಿಲ್ಲ. ದಿನದ ದುಡಿಮೆಗೆ ಕೊಳ್ಳುವವರು ಮಾತ್ರ, ಅದೇ ಬ್ಯಾಟರಿ ಎರಡು ವರ್ಷದ ಮೇಲೂ ಬಿಡಿಯಾಗಿ ಸಿಗುವ ಕಂಪನಿಯನ್ನೇ ಹಿಡಿಯಬೇಕು.

ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು–ವಿಳಾಸ, ಮೂಲ ದೇಶ, ತಿಂಗಳು–ವರ್ಷ, ಎಂಆರ್‌ಪಿ, ದೂರು ಹೇಳುವ ವಿವರ ಇರಬೇಕೆಂದು 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಹೇಳುತ್ತವೆ. ವಿಳಾಸವಿಲ್ಲದ ಪೆಟ್ಟಿಗೆಯ ವಾರಂಟಿ ಕಾರ್ಡಿಗೆ ಬೆಲೆಯಿಲ್ಲ. ಜಿಎಸ್‌ಟಿ ಬಿಲ್ ತೆಗೆದಿಟ್ಟುಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಇದು ಮನೆಯವರ ಚಿಲ್ಲರೆ ಖರ್ಚಿನ ಮಾತಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಗಾರೆ ಕೆಲಸದವರೂ ಸೇರಿ 18 ಕಸುಬಿನವರಿಗೆ ಉಪಕರಣಕ್ಕೆಂದು 15,000 ರೂಪಾಯಿವರೆಗೆ ಇ–ವೋಚರ್ ಇದೆ. ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯೂ ಟೂಲ್ ಕಿಟ್ ಕೊಡುತ್ತದೆ. ಇಂಥ ಕಿಟ್ಟುಗಳ ಪಟ್ಟಿ ಮಾಡುವ ಅಧಿಕಾರಿಗಳು ‘ಡ್ರಿಲ್ಲಿಂಗ್ ಮಷೀನ್–1, ಗ್ರೈಂಡರ್–1’ ಎಂದಷ್ಟೇ ಬರೆದು ಕಡಿಮೆ ದರಕ್ಕೆ ಒಪ್ಪಿದರೆ ಬರುವುದು ಯಾವ ಸರಕು ಎಂದು ಬಿಡಿಸಿ ಹೇಳಬೇಕಿಲ್ಲ. ಪ್ರತಿ ಮಷೀನಿನ ಜೊತೆ ಎರಡು ಜೋಡಿ ಕಾರ್ಬನ್ ಬ್ರಷ್, ಐಎಸ್‌ಐ ಗುರುತಿನ ವೈರು, ಅವಧಿ ನಮೂದಿಸಿದ ಡಿಸ್ಕು, ಆರ್ಮೇಚರ್ ಸಿಗುವ ಜಿಲ್ಲಾಮಟ್ಟದ ಅಂಗಡಿಯ ವಿಳಾಸ ಇವಿಷ್ಟನ್ನು ಟೆಂಡರಿನ ಷರತ್ತಿನಲ್ಲೇ ಸೇರಿಸಲಿ. ಕಿಟ್ ಹಂಚುವ ದಿನ ಪ್ರತಿ ಮಷೀನನ್ನೂ ಫಲಾನುಭವಿಯ ಎದುರೇ ಒಂದು ನಿಮಿಷ ಓಡಿಸಿ ಕೊಡಲಿ.

– ಪವರ್ ಟೂಲ್ಸ್ ರಿಪೇರಿ ಕೆಲಸಗಾರರು, ಪೀಣ್ಯ, ಬೆಂಗಳೂರು