ಟಾಮ್ ಫ್ಲೆಚರ್ ಅವರಿಗೆ: ಅನುದಾನ ಅಡುಗೆಮನೆಯವರೆಗೂ ತಲುಪಲಿ

ವಿಶ್ವಸಂಸ್ಥೆಯ ತುರ್ತು ಪರಿಹಾರ ಸಂಯೋಜಕರಾದ ಟಾಮ್ ಫ್ಲೆಚರ್ ಅವರಿಗೆ ನಮಸ್ಕಾರ.

ಯುದ್ಧದಲ್ಲಿ ಸಿಕ್ಕಿಬಿದ್ದವರಿಗಾಗಿ ಸೇರಿಸುವ ಹಣ ಕಡಿಮೆಯಾಗುತ್ತಿದೆ ಎಂದು ನಿಮಗೆ ಯಾರೂ ಹೇಳಬೇಕಾಗಿಲ್ಲ. 2025ರಲ್ಲಿ ನಿಮ್ಮ ಕಚೇರಿಯೇ ಸುಮಾರು ಶೇ 20ರಷ್ಟು ಸಿಬ್ಬಂದಿಯನ್ನು ಕಡಿಮೆ ಮಾಡಬೇಕಾಯಿತು. ನಾನು ಕೇಳುತ್ತಿರುವುದು ಬೇರೆ. ಉಳಿದಿರುವ ಹಣ ಕೊನೆಗೆ ಯಾರ ಕೈ ಸೇರುತ್ತಿದೆ? ಅಲ್ಲಿಗೆ ಮುಟ್ಟುವ ಮೊದಲು ಎಷ್ಟು ಕೈ ದಾಟುತ್ತಿದೆ?

ಸುಡಾನ್‌ನಲ್ಲಿ ಆಗಿದ್ದನ್ನೇ ನೋಡಿ. 2023ರ ಏಪ್ರಿಲ್ 15ರಂದು ರಾಜಧಾನಿ ಖಾರ್ಟೂಮ್‌ನಲ್ಲಿ ದೇಶದ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಕೆಲವೇ ದಿನಗಳಲ್ಲಿ ನೆರವು ಸಂಸ್ಥೆಗಳ ವಿದೇಶಿ ಸಿಬ್ಬಂದಿಯನ್ನು ಹೊರಗೆ ಕರೆದೊಯ್ಯಲಾಯಿತು. ಅದನ್ನು ತಪ್ಪು ಅನ್ನುತ್ತಿಲ್ಲ, ಜೀವ ಯಾರದಾದರೂ ಜೀವವೇ. ಆದರೆ ಬಡಾವಣೆಗಳಲ್ಲಿ ಉಳಿದ ಅಲ್ಲಿನ ಜನರೇ ಒಟ್ಟಾಗಿ ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್ ಎಂಬ ಸ್ವಯಂಸೇವಕರ ಗುಂಪುಗಳನ್ನು ಕಟ್ಟಿಕೊಂಡರು. ಹಳೆಯ ಸರ್ಕಾರದ ವಿರುದ್ಧ ಬೀದಿಗಿಳಿದಿದ್ದ ಯುವಕ ಯುವತಿಯರ ಸಮಿತಿಗಳೇ ಇವುಗಳ ಬೇರು. ಸಾಮೂಹಿಕ ಅಡುಗೆಮನೆ ನಡೆಸಿದರು, ಗಾಯಾಳುಗಳನ್ನು ಹೊತ್ತರು, ಮುಚ್ಚಿಹೋಗುತ್ತಿದ್ದ ಆಸ್ಪತ್ರೆಗಳನ್ನು ಕೈಲಾದಷ್ಟು ದಿನ ನಡೆಸಿದರು. ಹೊರದೇಶದಲ್ಲಿದ್ದ ಸುಡಾನಿಗಳು ಬಂಕಕ್ ಎಂಬ ಬ್ಯಾಂಕ್ ಆ್ಯಪ್ ಮೂಲಕ ದುಡ್ಡು ಕಳಿಸಿದರು. ಸ್ವಯಂಸೇವಕರನ್ನು ಎರಡೂ ಕಡೆಯ ಸೈನಿಕರು ಹಿಡಿದುಕೊಂಡು ಹೋದರು. ಹಲವರು ಪ್ರಾಣ ಕಳೆದುಕೊಂಡರು. 2025ರಲ್ಲಿ ಇವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅದೇ ವರ್ಷದ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಇವರ ಅಡುಗೆಮನೆಗಳು ನೂರುಗಟ್ಟಲೆ ಮುಚ್ಚಿದವು.

ಅಷ್ಟು ಬೇಗ ಯಾಕೆ ಮುಚ್ಚಿದವು? ಇಡೀ ವ್ಯವಸ್ಥೆಯ ದೋಷ ಇಲ್ಲೇ ಕಾಣುತ್ತದೆ ಎಂದು ನನಗನ್ನಿಸುತ್ತದೆ. ದೊಡ್ಡ ಸಂಸ್ಥೆಗೆ ಅನುದಾನ ಬಂದಾಗ ಅದರಲ್ಲಿ ಆಡಳಿತ ವೆಚ್ಚಕ್ಕೆಂದು ಒಂದು ಪಾಲು ಇರುತ್ತದೆ, ಸಾಮಾನ್ಯವಾಗಿ ಶೇ 7ರ ಆಸುಪಾಸು. ಬಾಡಿಗೆ, ಲೆಕ್ಕಿಗರ ಸಂಬಳ, ವಿಮೆ ಎಲ್ಲ ಅದರಿಂದ ನಡೆಯುತ್ತದೆ. ಅದೇ ಹಣ ಕೆಳಗಿನ ಸ್ಥಳೀಯ ಗುಂಪಿಗೆ ಇಳಿಯುವಾಗ ಆ ಪಾಲು ಎಷ್ಟೋ ಸಲ ಮೇಲೆಯೇ ಉಳಿದುಬಿಡುತ್ತದೆ. ಬೇಳೆಗೆ ದುಡ್ಡು ಸಿಗುತ್ತದೆ, ಅದನ್ನು ಸಾಗಿಸುವ ಹುಡುಗ ಗಾಯಗೊಂಡರೆ ಔಷಧಕ್ಕೆ ಸಿಗುವುದಿಲ್ಲ. ಕೂಡಿಟ್ಟ ಹಣವಂತೂ ಇಲ್ಲವೇ ಇಲ್ಲ. ಹೀಗಿರುವಾಗ ಮೇಲಿನ ನಲ್ಲಿ ನಿಂತ ವಾರವೇ ಕೆಳಗೆ ಒಲೆ ಆರುತ್ತದೆ. ಎಲ್ಲರಿಗಿಂತ ಜಾಸ್ತಿ ಅಪಾಯ ಹೊತ್ತವರಿಗೆ ಎಲ್ಲರಿಗಿಂತ ಕಡಿಮೆ ರಕ್ಷಣೆ. ಇದು ನ್ಯಾಯ ಅಲ್ಲ ಅಲ್ವಾ?

ಈ ಬಗ್ಗೆ ಜಗತ್ತು ಮಾತು ಕೊಟ್ಟು ಎಷ್ಟೋ ವರ್ಷವಾಯಿತು. 2016ರಲ್ಲಿ ಇಸ್ತಾಂಬುಲ್ ಶೃಂಗಸಭೆಯಲ್ಲಿ ದಾನಿ ದೇಶಗಳೂ ದೊಡ್ಡ ಸಂಸ್ಥೆಗಳೂ ಸೇರಿ ಗ್ರ್ಯಾಂಡ್ ಬಾರ್ಗೈನ್ ಎಂಬ ಒಪ್ಪಂದ ಮಾಡಿಕೊಂಡವು. 2020ರ ಹೊತ್ತಿಗೆ ಒಟ್ಟು ನೆರವಿನಲ್ಲಿ ಕನಿಷ್ಠ ಶೇ 25ರಷ್ಟು ಸ್ಥಳೀಯ ಸಂಸ್ಥೆಗಳಿಗೆ ಆದಷ್ಟೂ ನೇರವಾಗಿ ಹೋಗಬೇಕಿತ್ತು. ಆ ಗಡುವು ದಾಟಿದ ಮೇಲೂ ನೇರವಾಗಿ ಹೋಗುತ್ತಿರುವುದು ಶೇ 10ಕ್ಕಿಂತಲೂ ಕಡಿಮೆ.

ದಾನಿಗಳು ಹೇಳುವ ಕಾರಣ ನನಗೆ ಅರ್ಥವಾಗುತ್ತದೆ. ಲೆಕ್ಕ ಯಾರು ಕೊಡುತ್ತಾರೆ, ಹಣ ಬಂದೂಕು ಹಿಡಿದವರ ಪಾಲಾದರೆ ಏನು ಮಾಡುವುದು ಎಂಬ ಭಯ. ಅದು ಸುಮ್ನೆ ಹೇಳುವ ನೆಪ ಅಲ್ಲ. ತೆರಿಗೆದಾರರ ದುಡ್ಡಿಗೆ ಲೆಕ್ಕ ಬೇಕೇ ಬೇಕು. ಆದರೆ ಗಾತ್ರ ದೊಡ್ಡದಾದರೆ ಲೂಟಿ ಆಗುವುದಿಲ್ಲ ಎಂದು ಯಾರು ಹೇಳಿದರು? 2023ರ ಡಿಸೆಂಬರ್‌ನಲ್ಲಿ ಸುಡಾನ್‌ನ ಗೆಜೀರಾ ರಾಜ್ಯದಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಗೋದಾಮನ್ನೇ ಲೂಟಿ ಮಾಡಿದರು. ಸುಮಾರು 15 ಲಕ್ಷ ಜನರಿಗೆ ಒಂದು ತಿಂಗಳಿಗೆ ಆಗುವಷ್ಟು ಆಹಾರ ಅಲ್ಲಿತ್ತು. ಅದಕ್ಕೆ ಆ ಸಂಸ್ಥೆಯನ್ನು ಯಾರೂ ದೂರಲಿಲ್ಲ, ದೂರಲೂಬಾರದು. ಅದೇ ನಂಬಿಕೆಯಲ್ಲಿ ಒಂದಿಷ್ಟನ್ನು ಬೀದಿಯ ಅಡುಗೆಮನೆಗೂ ಕೊಡಿ. ಅಲ್ಲಿ ಯಾರಿಗೆ ಊಟ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಇಡೀ ಬಡಾವಣೆಗೇ ಗೊತ್ತಿರುತ್ತದೆ.

ನೋಂದಣಿಯ ತೊಡಕೂ ಇದೆ. ಇಂಥ ಗುಂಪುಗಳು ಎನ್‌ಜಿಒ ಎಂದು ನೋಂದಾಯಿಸಿಕೊಂಡಿರುವುದಿಲ್ಲ. ಕಾದಾಡುತ್ತಿರುವ ಒಂದು ಕಡೆಯ ಕಚೇರಿಯಲ್ಲಿ ಹೆಸರು ಬರೆಸಿದರೆ ಇನ್ನೊಂದು ಕಡೆಯವರು ಶತ್ರು ಎನ್ನುತ್ತಾರೆ. ಹಾಗಾಗಿ ಅನುದಾನದ ಅರ್ಜಿಯ ಮೊದಲ ಪುಟದಲ್ಲೇ ಅವರು ಹೊರಗೆ. ನಿಮ್ಮ ಸುಪರ್ದಿಯಲ್ಲಿರುವ ಕೇಂದ್ರ ತುರ್ತು ನಿಧಿಯ ಹಣವೂ ನೇರವಾಗಿ ಹೋಗುವುದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳಿಗೆ. ಒಂದೊಂದು ದೇಶಕ್ಕೆಂದೇ ಇರುವ ನಿಮ್ಮ ನಿಧಿಗಳು ಪರವಾಗಿಲ್ಲ, ಸ್ಥಳೀಯ ಸಂಸ್ಥೆಗಳಿಗೆ ನೇರವಾಗಿ ಕೊಡಬಲ್ಲವು. ಅವುಗಳಿಗೇ ಹೆಚ್ಚಿನ ಹಣ ಬರುವಂತೆ ದಾನಿಗಳನ್ನು ಒತ್ತಾಯಿಸಿ.

2025ರ ಮಾರ್ಚ್‌ನಲ್ಲಿ ನೀವು ಹ್ಯುಮಾನಿಟೇರಿಯನ್ ರೀಸೆಟ್, ಅಂದರೆ ನೆರವಿನ ವ್ಯವಸ್ಥೆಯ ಸುಧಾರಣೆ, ಘೋಷಿಸಿದಿರಿ. ಅಧಿಕಾರ ಸ್ಥಳೀಯರ ಕೈಗೆ ಹೋಗಬೇಕು ಎಂದಿರಿ. ಅದನ್ನು ನಂಬಿಯೇ ಕೇಳುತ್ತಿದ್ದೇನೆ. ಮೇಲಿನವರು ಪಡೆಯುವ ಆಡಳಿತ ವೆಚ್ಚದ ಪಾಲು ಅದೇ ದರದಲ್ಲಿ ಕೊನೆಯ ಗುಂಪಿಗೂ ಸಿಗಬೇಕು ಎಂದು ಒಪ್ಪಂದದಲ್ಲೇ ಬರೆಸಿ. ಈ ಗುಂಪುಗಳಿಗೆ ಪ್ರತಿ ದಾನಿಯಿಂದಲೂ ಬೇರೆ ಬೇರೆ ತಪಾಸಣೆ ಬೇಡ, ಒಬ್ಬರು ಮಾಡಿದ್ದನ್ನು ಎಲ್ಲರೂ ಒಪ್ಪಲಿ. ಮುಖ್ಯವಾಗಿ, ಪ್ರತಿ ಅನುದಾನ ಎಷ್ಟು ಕೈ ದಾಟಿತು, ಪ್ರತಿ ಕೈಯಲ್ಲಿ ಎಷ್ಟು ಉಳಿಯಿತು ಎಂಬುದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಈ ಲೆಕ್ಕ ಹೊರಬಂದರೆ ಉಳಿದ ಎಷ್ಟೋ ವಾದಗಳು ತಾವಾಗಿಯೇ ಮುಗಿಯುತ್ತವೆ.

ಸುಡಾನ್‌ನ ಡಾರ್ಫರ್ ಪ್ರದೇಶದ ಎಲ್ ಫಶರ್ ನಗರ 2025ರ ಅಕ್ಟೋಬರ್‌ನಲ್ಲಿ ಆರ್‌ಎಸ್‌ಎಫ್ ವಶವಾದ ಮೇಲೆ ಜನ ತವೀಲಾ ಊರಿನ ಕಡೆಗೆ ನಡೆದರು. ಮೊದಲೇ ಓಡಿಬಂದವರಿಂದ ಆ ಊರು ತುಂಬಿಹೋಗಿತ್ತು. ಇಂಥ ಕಡೆ ಕೆಲಸ ಮಾಡುವ ಗುಂಪುಗಳಿಗೆ ಒಂದೆರಡು ತಿಂಗಳ ಅನುದಾನದಿಂದ ಏನೂ ಆಗುವುದಿಲ್ಲ. ಕನಿಷ್ಠ ಒಂದು ವರ್ಷದ ಒಪ್ಪಂದ ಕೊಡಿಸಿ. ಆ ಹಣವನ್ನು ಕುಡಿಯುವ ನೀರಿಗೆ ಖರ್ಚು ಮಾಡಬೇಕೋ ಔಷಧಕ್ಕೋ ಎಂಬುದನ್ನು ಅವರೇ ತೀರ್ಮಾನಿಸಲಿ.

ವಂದನೆಗಳೊಂದಿಗೆ,
ಕನ್ನಡದ ಒಬ್ಬ ನಾಗರಿಕ